‘ವಿಕಾಸ’ ಅಂದರೆ ಮೇಲಕ್ಕೇರುವುದಾ?

ಪ್ರಶ್ನೆ:
ಎವಲ್ಯೂಷನ್‌ಗೆ ಕನ್ನಡದಲ್ಲಿ ‘ವಿಕಾಸ’ ಅಂತೀವಿ. ‘ವ್ಯಕ್ತಿತ್ವ ವಿಕಸನ’ ಅಂದಾಗಲೂ ಅದೇ ಪದ, ಅಲ್ಲಿ ಉತ್ತಮವಾಗುವುದು ಅಂತ ಅರ್ಥ. ಹಾಗಾದರೆ ಜೀವವಿಕಾಸ ಅಂದರೂ ಜೀವಿಗಳು ಉತ್ತಮವಾಗುತ್ತಾ ಹೋಗುವುದು ಅಂತಲೇ? ಪದದ ಮೂಲ ಗೊತ್ತಿದ್ದವರು ಹೇಳಿ.

ಉತ್ತರ 1:
ಇಂಗ್ಲಿಷ್ ಪದ ಬಂದಿದ್ದು ಲ್ಯಾಟಿನ್‌ನ ‘ಎವೊಲ್ವೆರೆ’ಯಿಂದ, ಅಂದರೆ ಸುತ್ತಿದ್ದನ್ನು ಬಿಚ್ಚುವುದು. ಆಗ ಪುಸ್ತಕಗಳು ಸುರುಳಿಯಲ್ಲಿರುತ್ತಿದ್ದವು, ಬಿಚ್ಚುತ್ತಾ ಓದಬೇಕಿತ್ತು. ಬರಹ ಮೊದಲೇ ಒಳಗಿರುತ್ತೆ ಅಲ್ವಾ, ಇದನ್ನು ಗಮನಿಸಿ. 18ನೇ ಶತಮಾನದಲ್ಲಿ ಭ್ರೂಣದ ಬಗ್ಗೆ ಬರೆಯುವವರು ಈ ಪದವನ್ನು ಹಾಗೇ ಬಳಸಿದರು: ಪುಟಾಣಿ ಜೀವಿ ಮೊದಲೇ ಸಿದ್ಧವಾಗಿ ಕೂತಿರುತ್ತೆ, ಆಮೇಲೆ ಸುಮ್ನೆ ದೊಡ್ಡದಾಗುತ್ತೆ ಅನ್ನೋದು ಅವರ ನಂಬಿಕೆ. ಡಾರ್ವಿನ್‌ನ 1859ರ ‘ಆರಿಜಿನ್ ಆಫ್ ಸ್ಪೀಷೀಸ್’ ಮೊದಲ ಮುದ್ರಣದಲ್ಲಿ ‘ಎವಲ್ಯೂಷನ್’ ಇಲ್ಲವೇ ಇಲ್ಲ. ಪುಸ್ತಕದ ಕೊನೆಯ ಪದ ಮಾತ್ರ ‘ಎವಾಲ್ವ್ಡ್’. ಡಾರ್ವಿನ್ ಹೇಳುತ್ತಿದ್ದದ್ದು ‘ಮಾರ್ಪಾಡಿನೊಂದಿಗೆ ಬರುವ ವಂಶಪರಂಪರೆ’ ಅಂತ. 1872ರ ಆರನೇ ಆವೃತ್ತಿ ಹೊತ್ತಿಗೆ ಆತನೂ ಈ ಪದ ಬಳಸಿದ, ಅಷ್ಟರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಅದನ್ನು ಎಲ್ಲೆಡೆ ಹಬ್ಬಿಸಿಯಾಗಿತ್ತು.

ಉತ್ತರ 2:
ನಮ್ಮ ಪದದಲ್ಲೂ ಅದೇ ತೊಡಕಿದೆ. ಸಂಸ್ಕೃತದ ‘ವಿಕಾಸ’ ಅಂದರೆ ಅರಳುವುದು. ಮೊಗ್ಗು ಅರಳಿದರೆ ಏನಾಗುತ್ತೆ ಅಂತ ಮೊದಲೇ ಗೊತ್ತು. ಜೀವವಿಕಾಸಕ್ಕೆ ಅಂಥ ಗುರಿ ಇಲ್ಲ. ಮೆಕ್ಸಿಕೋದ ಗುಹೆಗಳಲ್ಲಿ ಕುರುಡು ಮೀನುಗಳಿವೆ. ಅವುಗಳ ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗುತ್ತೆ, ಆಮೇಲೆ ಕರಗಿ ಚರ್ಮ ಮುಚ್ಚಿಕೊಳ್ಳುತ್ತೆ. ಹೊರಗಿನ ಹೊಳೆಗಳಲ್ಲಿರುವ ಅವುಗಳ ನೆಂಟ ಮೀನುಗಳಿಗೆ ಚೆನ್ನಾಗಿ ಕಣ್ಣು ಕಾಣುತ್ತೆ, ಎರಡೂ ಕೂಡಿ ಮರಿಯನ್ನೂ ಮಾಡುತ್ತವೆ. ಕಣ್ಣು ಕಳೆದುಕೊಂಡಿದ್ದೂ ವಿಕಾಸವೇ. ಪೀಳಿಗೆಯಿಂದ ಪೀಳಿಗೆಗೆ ಗುಂಪಿನ ಗುಣಗಳು ಬದಲಾಗುವುದು, ಅಷ್ಟೇ. ಶಾಲೆಯಲ್ಲಿ ಇದನ್ನು ಮೊದಲೇ ಬಿಡಿಸಿ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತೆ.

ಪ್ರಶ್ನೆ ಕೇಳಿದವರು:
ಮೀನಿನ ಉದಾಹರಣೆಯಿಂದ ಸ್ಪಷ್ಟವಾಯಿತು, ಥ್ಯಾಂಕ್ಸ್. ಹಾಗಾದರೆ ‘ನಕ್ಷತ್ರಗಳ ವಿಕಾಸ’ ಅಂತಾರಲ್ಲ, ಅಲ್ಲಿ ಪೀಳಿಗೆ ಎಲ್ಲಿದೆ?

ಉತ್ತರ 1:
ಅಲ್ಲಿ ಬದಲಾಗೋದು ಒಂದೇ ನಕ್ಷತ್ರ. ಸೂರ್ಯನನ್ನೇ ತಗೊಳ್ಳಿ, ಸುಮಾರು 500 ಕೋಟಿ ವರ್ಷಗಳ ನಂತರ ಕೇಂದ್ರದಲ್ಲಿ ಉರಿಯುವ ಹೈಡ್ರೋಜನ್ ಮುಗಿಯುತ್ತಾ ಬಂದಾಗ ಉಬ್ಬಿ ಕೆಂಪು ದೈತ್ಯನಾಗುತ್ತಾನೆ, ಕೊನೆಗೆ ಬಿಳಿ ಕುಬ್ಜ, ಅಂದರೆ ಉಳಿದ ಪುಟ್ಟ, ದಟ್ಟ ತಿರುಳು. ಈ ದಾರಿಯನ್ನು ಹೆಚ್ಚಾಗಿ ನಿರ್ಧರಿಸುವುದು ಹುಟ್ಟುವಾಗಿನ ದ್ರವ್ಯರಾಶಿ. ಹಾಗಾಗಿ ಹಳೆಯ ಲ್ಯಾಟಿನ್ ಅರ್ಥ ಜೀವಿಗಳಿಗಿಂತ ನಕ್ಷತ್ರಗಳಿಗೇ ಜಾಸ್ತಿ ಹೊಂದುತ್ತೆ.