ಫಾದರ್ ಮೇಲೆ ದೂರು ಬಂದ್ರೆ ಮೊದಲು ಎಲ್ಲಿಗೆ?

ಅಕ್ಕಾ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, ಚರ್ಚಿನ ಧರ್ಮಶಿಕ್ಷಣಕ್ಕೆ ಬರೋ ಮಗು ಒಬ್ಬ ಗುರುಗಳು, ಅಂದ್ರೆ ಫಾದರ್, ತನ್ನ ಜೊತೆ ಲೈಂಗಿಕವಾಗಿ ತಪ್ಪಾಗಿ ನಡ್ಕೊಂಡ್ರು ಅಂತ ಏನಾದ್ರೂ ಹೇಳಿದ್ರೆ ಮೊದಲು ಬಿಷಪ್ ಹತ್ರ ಹೋಗ್ಬೇಕಾ, ಪೊಲೀಸ್ ಹತ್ರಾನಾ ಅಂತ. ಅದರ ಕೆಳಗೆ ಇಬ್ಬರು "ಮೊದ್ಲು ಒಳಗೇ ಕೂತು ಮಾತಾಡಿ ಮುಗಿಸೋಣ" ಅಂತ ಹಾಕಿದಾರೆ. ಆ ಮಾತಿಗೇ ನಾನು ಉತ್ತರ ಕೊಡ್ತಿರೋದು. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳಿ.

ಮೊದಲು ಪೊಲೀಸ್. ಇದರಲ್ಲಿ ಎರಡು ಮಾತಿಲ್ಲ. ಮಗುವಿಗೆ 18 ತುಂಬಿಲ್ಲ ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೇ ಇರೋ 2012ರ ಪೋಕ್ಸೋ ಕಾಯ್ದೆ ಬರತ್ತೆ. ಅದರ 19ನೇ ಸೆಕ್ಷನ್ ಪ್ರಕಾರ, ಆಗಿದೆ ಅಂತ ಗೊತ್ತಾದ್ರೂ ಸರಿ, ಆಗಬಹುದು ಅನ್ನೋ ಆತಂಕ ಇದ್ರೂ ಸರಿ, ತಿಳಿದವರು ಪೊಲೀಸರಿಗೆ ಹೇಳ್ಲೇಬೇಕು. ಪುರಾವೆ ಹುಡುಕೋದು ನಮ್ಮ ಕೆಲಸ ಅಲ್ಲ. ಟೀಚರ್, ಸಿಸ್ಟರ್, ಪ್ಯಾರಿಷ್ ಕೌನ್ಸಿಲ್ ಸೆಕ್ರೆಟರಿ, ಬಿಷಪ್, ಎಲ್ಲರಿಗೂ ಒಂದೇ ನಿಯಮ. ಹೇಳದೆ ಸುಮ್ಮನಿದ್ರೆ 21ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ರೆ 1 ವರ್ಷದವರೆಗೆ. ಒಳ್ಳೇ ಮನಸ್ಸಿಂದ ತಿಳಿಸಿದವರ ಮೇಲೆ ಕೇಸು ಹಾಕೋಕೆ ಬರಲ್ಲ, ಅದೂ ಅದೇ ಕಾಯ್ದೇಲೇ ಇದೆ.

ಕೇಸು ಹೆಚ್ಚಾಗಿ ಕೆಡೋದು ಸ್ಟೇಷನ್‌ಗೆ ಹೋಗೋಕೆ ಮುಂಚೆ, ಮನೇಲಿ. ಅಮ್ಮ ಒಂದ್ಸಲ ಕೇಳ್ತಾರೆ, ಅಜ್ಜಿ ಒಂದ್ಸಲ, ಟೀಚರ್, ಆಮೇಲೆ ಕೌನ್ಸಿಲ್‌ನ ನಾಲ್ಕು ಜನ ಹಿರಿಯರು. ಐದನೇ ಸಲಕ್ಕೆ ಮಗು ಹೆದರಿ ಮಾತು ಬದಲಾಯಿಸತ್ತೆ, ಇಲ್ಲಾ ದೊಡ್ಡವರ ಪದಗಳನ್ನೇ ಒಪ್ಪಿಸತ್ತೆ. ಕೋರ್ಟಲ್ಲಿ ಎದುರು ವಕೀಲರು "ಇದು ಹೇಳಿಕೊಟ್ಟ ಪಾಠ" ಅಂತಾರೆ, ಕೇಸು ಅಲ್ಲೇ ಸಡಿಲ ಆಗತ್ತೆ. ಅದಕ್ಕೇ ಮಗು ಯಾರ ಹತ್ರ ಹೇಳ್ತೋ ಅವರು ಮಾತ್ರ ಕೇಳಿಸ್ಕೊಳ್ಳಿ. ಅವತ್ತೇ ಒಂದು ಹಾಳೇಲಿ ಬರೆದಿಡಿ: ತಾರೀಕು, ಹೊತ್ತು, ಮಗು ಆಡಿದ ಪದ ಹಾಗ್ಹಾಗೇ. ಮಗು ಮನೆಭಾಷೇಲಿ ಹೇಳಿದ್ದನ್ನ ನೀವು "ಅನುಚಿತ ವರ್ತನೆ" ಅಂತ ನಯ ಮಾಡಿ ಬರೀಬೇಡಿ. ಕೆಳಗೆ ಸಹಿ ಹಾಕಿ.

ಘಟನೆ ಮೊನ್ನೆ ಮೊನ್ನೆದು, ಮೂರು ದಿನದೊಳಗಿಂದು ಅಂದ್ರೆ ಸ್ನಾನ ಮಾಡಿಸ್ಬೇಡಿ, ಬಟ್ಟೆ ಒಗೀಬೇಡಿ. ಬಟ್ಟೆನ ಪೇಪರ್ ಕವರ್‌ಗೆ ಹಾಕಿ. ಪ್ಲಾಸ್ಟಿಕ್ ಬೇಡ, ಒಳಗೆ ತೇವ ಕೂತು ಗುರುತೆಲ್ಲ ಹಾಳಾಗತ್ತೆ. ಸೀದಾ ಆಸ್ಪತ್ರೆಗೆ ಹೋಗಬಹುದು, ಎಫ್‌ಐಆರ್ ತಂದ್ರೇನೇ ನೋಡ್ತೀವಿ ಅನ್ನೋ ಹಾಗಿಲ್ಲ. ಖಾಸಗಿ ಆಸ್ಪತ್ರೆ ಆದ್ರೂ ಚಿಕಿತ್ಸೆ ಉಚಿತ.

ಪೊಲೀಸ್ ಅಂದ್ರೆ ಮಗುನ ಠಾಣೆಗೆ ಎಳ್ಕೊಂಡು ಹೋಗ್ಬೇಕು ಅನ್ನೋ ಭಯ ಬೇಡ. ಹೇಳಿಕೆ ಮನೇಲೇ ತಗೋಬಹುದು. ಆದಷ್ಟು ಮಟ್ಟಿಗೆ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬರ್ಬೇಕು, ಯೂನಿಫಾರ್ಮ್ ಹಾಕ್ಕೊಂಡು ಬರೋ ಹಾಗಿಲ್ಲ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ಕೋರ್ಟಿಗೂ ತಿಳಿಸ್ಬೇಕು. ಊರಿನ ಠಾಣೇಲಿ ಮುಲಾಜು ಅನ್ಸಿದ್ರೆ ಬೇರೆ ಯಾವ ಠಾಣೇಲಾದ್ರೂ, ಘಟನೆ ಅವರ ವ್ಯಾಪ್ತೀಲಿ ಆಗದಿದ್ರೂ ದಾಖಲಿಸೋ ಝೀರೋ ಎಫ್‌ಐಆರ್ ಹಾಕಿಸಿ, ಇಲ್ಲಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಎಫ್‌ಐಆರ್ ಪ್ರತಿ ಬಿಟ್ಟಿ ಕೊಡ್ತಾರೆ, ಕೇಳಿ ಇಸ್ಕೊಳ್ಳಿ.

ಈಗ ಬಿಷಪ್ ವಿಷಯ. ಅವರಿಗೂ ದೂರು ಕೊಡ್ಬೇಕು, ಆದ್ರೆ ಅದು ಬೇರೆ ಪ್ರಶ್ನೆಗೆ. ಪೊಲೀಸ್ ಕೇಳೋದು ಅಪರಾಧ ಆಗಿದ್ಯಾ ಅಂತ; ಧರ್ಮಸಭೆ, ಅಂದ್ರೆ ಚರ್ಚ್, ಕೇಳೋದು ಇವರು ಇನ್ನು ಗುರುಗಳಾಗಿ ಇರಬಹುದಾ ಅಂತ. ಧರ್ಮಸಭೆಯ ಕಾನೂನಿನ ಕಲಮುಗಳಿಗೆ ಕ್ಯಾನನ್ ಅಂತಾರೆ; ಕ್ಯಾನನ್ 1717ರ ಪ್ರಕಾರ ಬಿಷಪ್ ಪ್ರಾಥಮಿಕ ವಿಚಾರಣೆ ಮಾಡಿಸ್ತಾರೆ. ಅದು ಮುಗಿದ ಮೇಲೆ ಫೈಲು ರೋಮ್‌ಗೆ ಹೋಗತ್ತೆ, ಮುಂದೇನು ಅನ್ನೋದನ್ನ ಅಲ್ಲಿ ತೀರ್ಮಾನಿಸ್ತಾರೆ. ಅತಿ ದೊಡ್ಡ ಶಿಕ್ಷೆ ಅಂದ್ರೆ ಗುರುಪದವಿಯಿಂದ ವಜಾ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ರತಿ ಧರ್ಮಕ್ಷೇತ್ರದಲ್ಲೂ (ಒಬ್ಬ ಬಿಷಪ್ ಆಡಳಿತದ ಪ್ರದೇಶ) ದೂರು ತಗೊಳ್ಳೋಕೆ ಒಂದು ವ್ಯವಸ್ಥೆ ಇರ್ಲೇಬೇಕು. ದೂರು ಕೊಟ್ಟವರಿಗೆ "ಯಾರಿಗೂ ಹೇಳ್ಬೇಡಿ" ಅನ್ನೋ ಹಾಗಿಲ್ಲ. ಈ ಪ್ರಕರಣಗಳನ್ನ ಗುಟ್ಟಾಗಿಡ್ಬೇಕು ಅನ್ನೋ ವ್ಯಾಟಿಕನ್‌ನ ನಿಯಮಾನೂ ಅದೇ ವರ್ಷ ಡಿಸೆಂಬರ್‌ನಲ್ಲಿ ತೆಗೆದುಹಾಕಿದ್ರು. ಆರೋಪ ಬಿಷಪ್ ಮೇಲೇ ಇದ್ರೆ ಮಹಾಧರ್ಮಾಧ್ಯಕ್ಷರಿಗೆ (ಆರ್ಚ್‌ಬಿಷಪ್) ಬರೀಬೇಕು. ಗುರುಗಳು ಯಾವ್ದಾದ್ರೂ ಸನ್ಯಾಸಿ ಸಭೆಗೆ ಸೇರಿದವರಾದ್ರೆ ಆ ಸಭೆಯ ಪ್ರಾಂತೀಯ ಮುಖ್ಯಸ್ಥರಾದ ಪ್ರೊವಿನ್ಷಿಯಲ್‌ಗೂ ಒಂದು ಪ್ರತಿ.

ಟ್ರಾನ್ಸ್‌ಫರ್ ಮಾಡಿದ್ರು, ಸಮಸ್ಯೆ ಮುಗೀತು ಅಂತೀರಲ್ಲ, ಅದು ಶಿಕ್ಷೇನೇ ಅಲ್ಲ. ಮುಂದಿನ ಊರಿನಲ್ಲಿ ಪೂಜೆಗೆ ಸಹಾಯ ಮಾಡೋ ಪೀಠಬಾಲಕರ ತಲೆ ಮೇಲೆ ಹಾಕಿದ ಹಾಗೆ. ದೂರ ಕಳಿಸಿದ್ರೆ ಸಾಕು ಅಂದ್ಕೊಂಡು ವರ್ಗ ಮಾಡಬಾರ್ದು ಅಂತ ವ್ಯಾಟಿಕನ್‌ನ 2020ರ ಕೈಪಿಡೀನೇ ಹೇಳತ್ತೆ. ವಿಚಾರಣೆ ಮುಗಿಯೋವರೆಗೆ ಸೇವೆಯಿಂದ ದೂರ ಇಡೋಕೆ ಕ್ಯಾನನ್ 1722 ಇದೆ. ಪತ್ರದಲ್ಲಿ ಅದನ್ನ ಹೆಸರಿಟ್ಟೇ ಕೇಳಿ. ಹಾಗೆ ದೂರ ಇಟ್ಟ ಮಾತ್ರಕ್ಕೆ ತಪ್ಪಿತಸ್ಥ ಅಂತಲ್ಲ, ಅದೂ ನೆನಪಿರ್ಲಿ.

ರಾಜಿ ಪಂಚಾಯ್ತಿ ಬಗ್ಗೆ ಒಂದು ಮಾತು. ಕೇರಳದ ಕಣ್ಣೂರು ಜಿಲ್ಲೆ ಕೊಟ್ಟಿಯೂರಲ್ಲಿ ಅಪ್ರಾಪ್ತ ಹುಡುಗಿ ಮೇಲಿನ ಅತ್ಯಾಚಾರದ 2017ರ ಕೇಸಲ್ಲಿ ಶುರುವಿಗೆ ಹುಡುಗಿಯ ತಂದೇನೇ ತಪ್ಪು ತನ್ನದು ಅಂತ ಹೊತ್ಕೊಂಡಿದ್ರು. ಮುಂದೆ ಮನೆಯವರು ಕೋರ್ಟಲ್ಲೂ ಮಾತು ಬದಲಾಯಿಸಿ ತಿರುಗಿಬಿದ್ರು. ಡಿಎನ್‌ಎ ಇದ್ದಿದ್ದರಿಂದ ಕೇಸು ನಿಂತಿತು. 2019ರಲ್ಲಿ ಅಲ್ಲಿನ ಧರ್ಮಕೇಂದ್ರದ (ಪ್ಯಾರಿಷ್) ಗುರುವಿಗೆ 20 ವರ್ಷ ಶಿಕ್ಷೆ ಆಯ್ತು, 2021ರಲ್ಲಿ ಹೈಕೋರ್ಟ್ ಅದನ್ನ 10ಕ್ಕೆ ಇಳಿಸ್ತು. ರಾಜಿ ಆಗಿದೆ ಅಂತ ಇಂಥ ಕೇಸು ರದ್ದು ಮಾಡೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜಸ್ಥಾನದ ಒಬ್ಬ ಶಿಕ್ಷಕರ ಕೇಸಲ್ಲಿ ಹೇಳಿದೆ.

ಇನ್ನೊಂದು, ಯಾರೂ ಹೇಳದೇ ಇರೋದು. ಪಾಪನಿವೇದನೆಯಲ್ಲಿ (ಕನ್ಫೆಷನ್) ಹೇಳ್ಕೊಂಡ್ರೆ ಕೇಳಿಸ್ಕೊಂಡ ಗುರುಗಳು ಧರ್ಮಸಭೆಯ ನಿಯಮದ ಪ್ರಕಾರ ಅದನ್ನ ಎಲ್ಲೂ ಬಾಯಿ ಬಿಡೋ ಹಾಗಿಲ್ಲ. ಫಾದರ್‌ಗೆ ಹೇಳಿದೀವಿ ಅಂತ ಕೂತ್ಕೊಂಡ್ರೆ ಏನೂ ಆಗಲ್ಲ. ಆಚೆ ಬಂದು, ಹೊರಗಡೆ ಬೆಂಚಲ್ಲಿ ಕೂತು ಮತ್ತೆ ಹೇಳಿ. ಆಗ ಅವರಿಗೂ ತಿಳಿಸೋ ಹೊಣೆ ಬರತ್ತೆ.

ಬಿಷಪ್‌ಗೆ ಪತ್ರ ಒಂದೇ ಪುಟ ಸಾಕು. ಗುರುಗಳ ಹೆಸರು, ಎಲ್ಲಿ, ಯಾವಾಗ, ಎಫ್‌ಐಆರ್ ನಂಬರ್, ನಮ್ಮ ಬೇಡಿಕೆ. ಮಗುವಿನ ಹೇಳಿಕೆ ಅದರಲ್ಲಿ ತುಂಬಿಸ್ಬೇಡಿ. ಕೈಯಲ್ಲಿ ಕೊಟ್ರೆ ನಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ. ಇಲ್ಲಾಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಪಿನ್ ಮಾಡಿಡಿ. ಮತ್ತೆ ಅಕ್ಕಾ, ಈ ಗ್ರೂಪಲ್ಲಿ ಯಾರೂ ಮಗುವಿನ ಹೆಸರು, ತರಗತಿ, ಫೋಟೋ ಏನೂ ಹಾಕ್ಬಾರ್ದು. ನಮ್ಮ ಊರಿನಷ್ಟು ಸಣ್ಣ ಧರ್ಮಕೇಂದ್ರದಲ್ಲಿ "ಐದನೇ ಕ್ಲಾಸಿನ ಹುಡುಗಿ" ಅಂದ್ರೇ ಸಾಕು, ಎಲ್ಲರಿಗೂ ಗೊತ್ತಾಗೋಗತ್ತೆ. ಅಡ್ಮಿನ್ ಅಣ್ಣ, ನಿನ್ನೆ ರಾತ್ರಿ ಬಂದ ಆ ಫಾರ್ವರ್ಡ್‌ನ ಈಗ್ಲೇ ಡಿಲೀಟ್ ಮಾಡಿ.