ಟೆಲಿಫೋನ್ ಡೈರೆಕ್ಟರಿ ಹೋಯಿತು, ಅದನ್ನು ಹೊತ್ತವರ ಕೂಲಿಯೂ ಹೋಯಿತು

ಗಾಂಧಿಬಜಾರ್ ಸೈಕಲ್
ನಿನ್ನೆ ನಮ್ಮ ಮನೆಗೆ ಊಟ ತಂದ ಹುಡುಗನಿಗೆ ಹತ್ತೊಂಬತ್ತು ವರ್ಷವಂತೆ. ಮೂರನೆಯ ಮಹಡಿಗೆ ಓಡಿ ಬಂದವನು ಮೊಬೈಲಿನಲ್ಲಿ ಮುಂದಿನ ವಿಳಾಸ ನೋಡುತ್ತಲೇ ಇಳಿದುಹೋದ. ಅದೇ ವಯಸ್ಸಿನಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ, ನಾನು ಬಸವನಗುಡಿಯ ಮನೆಮನೆಗೆ ಟೆಲಿಫೋನ್ ಡೈರೆಕ್ಟರಿ ಹಂಚಿದ್ದೇನೆ. ಸೈಕಲ್ಲಿನ ಕ್ಯಾರಿಯರ್‌ಗೆ ಒಂದು ಸಲಕ್ಕೆ ಹನ್ನೆರಡು ಪ್ರತಿ. ಸೆಣಬಿನ ಹುರಿಯಿಂದ ಬಿಗಿದು ಕಟ್ಟಿದರೂ ಏರು ಬಂದಾಗ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತಿತ್ತು. ಸಂಜೆಯ ಹೊತ್ತಿಗೆ ಅಂಗೈಯೆಲ್ಲ ಶಾಯಿ, ಹುರಿ ಕೊಯ್ದ ಗೆರೆ. ಮನೆಯವರ ಸಹಿ ಎಷ್ಟಿವೆಯೋ ಅಷ್ಟು ಕೂಲಿ. ಆ ದುಡ್ಡಿನಿಂದ ಕಾಲೇಜಿನ ಶುಲ್ಕ ಕಟ್ಟಿದೆ. ಅದು ಗೌರವದ ಕೆಲಸವಾಗಿತ್ತು. ಅದನ್ನು ಕೊಂದದ್ದು ಮೊಬೈಲ್ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಹೀರಾತಿನ ಹಣವನ್ನೆಲ್ಲ ಖಾಸಗಿ ಹಳದಿ ಪುಟಗಳು, ಅಂದರೆ ವ್ಯಾಪಾರಿಗಳ ಜಾಹೀರಾತು, ಫೋನ್ ಸಂಖ್ಯೆಗಳ ಪುಸ್ತಕಗಳು, ಬಾಚಿಕೊಂಡವು. ಡೈರೆಕ್ಟರಿ ಸತ್ತದ್ದು ಅದರಿಂದ.

ಲೈನ್‌ಮನ್ ಮಗಳು
"ಗೌರವದ ಕೆಲಸ" ಎಂದಿದ್ದೀರಿ. ನನ್ನ ತಂದೆ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಮಳೆಗಾಲದಲ್ಲಿ ಕಂಬ ಹತ್ತಿದರು, ಬಿದ್ದು ಕಾಲು ಮುರಿದುಕೊಂಡರು. ಆದರೆ ಸಂಬಳ ನಿಲ್ಲಲಿಲ್ಲ, ಕೊನೆಗೆ ಪಿಂಚಣಿಯೂ ಬಂತು. ಗೌರವ ಎಂದರೆ ಅದು. ನೀವು ಗುತ್ತಿಗೆದಾರನ ಆಳು. ಒಂದು ಪ್ರಶ್ನೆಗೆ ಉತ್ತರ ಕೊಡಿ: ಬಾಗಿಲಿಗೆ ಬೀಗ ಹಾಕಿದ್ದ ಮನೆಗೆ ನಿಮಗೆ ಎಷ್ಟು ಕೊಡುತ್ತಿದ್ದರು?

ಅಂಕಿಸಂಖ್ಯೆ
"ಕೊಂದದ್ದು ಮೊಬೈಲ್" ಎಂಬುದನ್ನು ಒಪ್ಪದಿದ್ದರೆ ಸತ್ಯ ಬದಲಾಗುವುದಿಲ್ಲ. ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಹತ್ತು ವರ್ಷ ಕಳೆಯುವುದರೊಳಗೆ ಮೊಬೈಲ್‌ಗಳ ಸಂಖ್ಯೆ ಸ್ಥಿರ ದೂರವಾಣಿಯನ್ನು ಹಿಂದಿಕ್ಕಿತು. ಮೊಬೈಲ್ ಸಂಖ್ಯೆಗಳಿಗೆ ಡೈರೆಕ್ಟರಿಯೇ ಬರಲಿಲ್ಲ. ಸಾಲದ್ದಕ್ಕೆ ಬೆಂಗಳೂರಿನ ಸ್ಥಿರ ದೂರವಾಣಿ ಸಂಖ್ಯೆಗಳು ಆರು ಅಂಕಿಯಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಹೋದವು. ಪುಸ್ತಕ ಅಚ್ಚಾಗಿ ಮನೆ ತಲುಪುವ ಹೊತ್ತಿಗೆ ಅರ್ಧ ತಪ್ಪಾಗಿರುತ್ತಿತ್ತು. ಜನ ಸಂಖ್ಯೆ ವಿಚಾರಿಸಲು 197ಕ್ಕೆ ಕರೆ ಮಾಡುತ್ತಿದ್ದದ್ದು ಅದಕ್ಕೇ.

ಕೋರ್ಟ್ ಹಾಲ್ 4
"ಖಾಸಗಿ ಹಳದಿ ಪುಟಗಳು" ಎಂಬ ಮಾತು ಸರಿಯಾಗಿದೆ, ದಾಖಲೆಯೂ ಇದೆ. ಮುಂಬೈಯಲ್ಲಿ ಟಾಟಾ ಪ್ರೆಸ್ ಹಳದಿ ಪುಟಗಳನ್ನು ಪ್ರಕಟಿಸಿದಾಗ, ಆ ಹಕ್ಕು ತನಗೊಬ್ಬನಿಗೇ ಸೇರಿದ್ದು ಎಂದು ಸರ್ಕಾರಿ ದೂರವಾಣಿ ಕಂಪನಿ ಎಂಟಿಎನ್‌ಎಲ್ ನ್ಯಾಯಾಲಯಕ್ಕೆ ಹೋಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಪ್ರೆಸ್ ಪರ ತೀರ್ಪು ಕೊಟ್ಟಿತು. ಜಾಹೀರಾತು ಕೂಡ ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿತು. ಅಲ್ಲಿಗೆ ಸರ್ಕಾರಿ ಡೈರೆಕ್ಟರಿಯ ಆದಾಯದ ಬುಡಕ್ಕೆ ಕೊಡಲಿ ಬಿತ್ತು.

ಅಂಕಿಸಂಖ್ಯೆ
ಅದು ಎಂಟಿಎನ್‌ಎಲ್ ಮೊಕದ್ದಮೆ. ಎಂಟಿಎನ್‌ಎಲ್ ಇದ್ದದ್ದು ದೆಹಲಿ ಮತ್ತು ಮುಂಬೈಯಲ್ಲಿ. ಬೆಂಗಳೂರು ನೇರವಾಗಿ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು, ಇಲಾಖೆಯಿಂದ ಬಿಎಸ್‌ಎನ್‌ಎಲ್ ಅದನ್ನು ವಹಿಸಿಕೊಂಡದ್ದು 2000ದ ಅಕ್ಟೋಬರ್ 1ರಂದು. ಮುಂಬೈಯ ಜಗಳಕ್ಕೂ ಬಸವನಗುಡಿಗೂ ಏನು ಸಂಬಂಧ?

ಕೋರ್ಟ್ ಹಾಲ್ 4
ಸುಪ್ರೀಂ ಕೋರ್ಟ್ ಸಾರಿದ ಕಾನೂನು ಇಡೀ ದೇಶಕ್ಕೆ ಅನ್ವಯ. 141ನೆಯ ವಿಧಿಯನ್ನು ಓದಿ. ಬಸವನಗುಡಿ ದೇಶದೊಳಗೇ ಇದೆ.

ಅಂಕಿಸಂಖ್ಯೆ
ನೀವು ಓದಬೇಕಾದದ್ದು ತೀರ್ಪಿನ ಇನ್ನೊಂದು ಭಾಗವನ್ನು. ವ್ಯಾಪಾರಿಗಳಿಂದ ಹಣ ಪಡೆದು ಜಾಹೀರಾತು ಅಚ್ಚು ಹಾಕಬಹುದು, ಆದರೆ ಚಂದಾದಾರರ ಪಟ್ಟಿಯನ್ನು ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ ಎಂದು ಅದೇ ತೀರ್ಪು ಹೇಳುತ್ತದೆ. ಸೈಕಲ್ಲಿನವರು ಹೊತ್ತದ್ದು ಆ ಬಿಳಿ ಪುಟಗಳನ್ನು. ಸಾಲುಸಾಲು ಶ್ರೀನಿವಾಸಮೂರ್ತಿಗಳಿದ್ದ, ವಿಳಾಸ ನೋಡಿಯೇ ನಮ್ಮವರನ್ನು ಪತ್ತೆ ಮಾಡಬೇಕಿದ್ದ ಪುಟಗಳನ್ನು. ಅವುಗಳ ಮೇಲಿನ ಹಕ್ಕು ಸರ್ಕಾರದ ಕೈಯಲ್ಲೇ ಉಳಿಯಿತು. ತೀರ್ಪಿನ ಅರ್ಧವನ್ನು ಮುಚ್ಚಿಟ್ಟು ವಾದ ಮಾಡುವುದು ವಕೀಲರಿಗೆ ಶೋಭೆಯಲ್ಲ.

ಕೋರ್ಟ್ ಹಾಲ್ 4
"ಮುಚ್ಚಿಟ್ಟು" ಎಂಬ ಪದವನ್ನು ಹಿಂತೆಗೆದುಕೊಳ್ಳಿ. ನಾನು ಏನನ್ನೂ ಮುಚ್ಚಿಟ್ಟಿಲ್ಲ. ಹಕ್ಕು ಉಳಿದರೆ ಸಾಕೇ? ಬಿಳಿ ಪುಟಗಳನ್ನು ಪುಕ್ಕಟೆಯಾಗಿ ಅಚ್ಚು ಹಾಕಲು ಹಣ ಬರುತ್ತಿದ್ದದ್ದು ಹಳದಿ ಪುಟಗಳ ಜಾಹೀರಾತಿನಿಂದ. ಆ ಹಣ ಹೋದ ಮೇಲೆ ಹಕ್ಕನ್ನು ಇಟ್ಟುಕೊಂಡು ಏನು ಮಾಡುವುದು?

ಅಂಕಿಸಂಖ್ಯೆ
"ಆ ಹಣ" ಎಂದಿರಲ್ಲ, ಅದು ಖಾಸಗಿಯವರು ಬರುವ ಮೊದಲೇ ಸೋರಿಹೋಗಿತ್ತು. ದೆಹಲಿ, ಮುಂಬೈ ಡೈರೆಕ್ಟರಿಗಳಿಗೆ ಎಂಟಿಎನ್‌ಎಲ್ 1987ರಲ್ಲಿ ಗುತ್ತಿಗೆ ಕೊಟ್ಟಿತು. ಗುತ್ತಿಗೆದಾರರು ಪುಸ್ತಕವನ್ನು ಪುಕ್ಕಟೆಯಾಗಿ ಕೊಡಬೇಕು, ಮೇಲೆ ರಾಯಲ್ಟಿಯನ್ನೂ ಕಟ್ಟಬೇಕು, ಜಾಹೀರಾತಿನ ಹಣ ಅವರಿಗೆ. ವರ್ಷವರ್ಷ ಬರಬೇಕಿದ್ದ ಪುಸ್ತಕ ಬರಲಿಲ್ಲ. ಟೆಂಡರ್ ಕರೆಯದೆ ಮಾಡಿಕೊಂಡ ಹೊಸ ಒಪ್ಪಂದವನ್ನು ಸುಪ್ರೀಂ ಕೋರ್ಟೇ 1993ರಲ್ಲಿ ರದ್ದು ಮಾಡಿತು. ನಿಮ್ಮ ತೀರ್ಪಿಗಿಂತ ಎರಡು ವರ್ಷ ಮೊದಲು.

ಕೋರ್ಟ್ ಹಾಲ್ 4
ಈಗ ದೆಹಲಿ, ಮುಂಬೈ ಬಸವನಗುಡಿಗೆ ಸಂಬಂಧಿಸಿದವಾದವೇ? ಇಷ್ಟು ಹೊತ್ತು ಇಲ್ಲ ಎನ್ನುತ್ತಿದ್ದಿರಿ. ಒಂದು ನಿಲುವಿನಲ್ಲಿ ನಿಲ್ಲಿ. ಪದವನ್ನು ಇನ್ನೂ ಹಿಂತೆಗೆದುಕೊಂಡಿಲ್ಲ ಎಂಬುದೂ ನೆನಪಿರಲಿ.

ಸಿಯಾಟಲ್ ಮಳೆ
ವಾಕ್ ಸ್ವಾತಂತ್ರ್ಯದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನಿರುವ ಅಮೆರಿಕದ ಸಿಯಾಟಲ್ ನಗರ 2010ರಲ್ಲಿ, ಬೇಡವೆಂದವರ ಮನೆಗೆ ಹಳದಿ ಪುಟಗಳನ್ನು ಹಾಕಬಾರದು ಎಂದು ಕಾನೂನು ಮಾಡಿತು. ಪ್ರಕಾಶಕರು ಮೊಕದ್ದಮೆ ಹೂಡಿದರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಇಲ್ಲಿಯೂ ಹಳದಿ ಪುಟಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಉಂಟು ಎಂದಿತು. ನ್ಯಾಯಾಲಯ ಕಾಪಾಡಿದರೂ ಪುಸ್ತಕವನ್ನು ಓದುವವರಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಮುಂದೆ ಎಸೆದುಹೋದ ಪುಸ್ತಕ ಮಳೆಗೆ ನೆನೆದು ಇಟ್ಟಿಗೆಯಂತೆ ಊದಿಕೊಂಡು, ಹಾಗೆಯೇ ಕಸಕ್ಕೆ ಹೋಗುವುದನ್ನು ನೋಡಿದ್ದೇನೆ. ಬ್ರಿಟನ್ನಿನಲ್ಲಿ ಹಳದಿ ಪುಟಗಳ ಕೊನೆಯ ಮುದ್ರಿತ ಸಂಚಿಕೆ 2019ರ ಜನವರಿಯಲ್ಲಿ ಬ್ರೈಟನ್‌ನಲ್ಲಿ ಬಂತು. 1966ರಲ್ಲಿ ಶುರುವಾದದ್ದೂ ಅದೇ ಊರಿನಲ್ಲಿ. ಸರ್ಕಾರಿಯೋ ಖಾಸಗಿಯೋ ಎಂಬ ಭೇದವಿಲ್ಲದೆ ಎಲ್ಲವೂ ಹೋದವು.

ಲೈನ್‌ಮನ್ ಮಗಳು
ಎಸೆದುಹೋದವರು ಯಾರು ಎಂಬುದನ್ನು ಬರೆಯಲಿಲ್ಲ. ಅವರಿಗೆ ಎಷ್ಟು ಸಿಗುತ್ತಿತ್ತು?

ಸಿಯಾಟಲ್ ಮಳೆ
ನಮ್ಮ ಬೀದಿಗೆ ತರುತ್ತಿದ್ದವರು ಗಂಡ ಹೆಂಡತಿ. ಸ್ವಂತ ಕಾರು, ಪೆಟ್ರೋಲೂ ಅವರದೇ. ಪುಸ್ತಕದ ಲೆಕ್ಕದಲ್ಲಿ ಕೂಲಿ. ಅವರನ್ನು ಮಾತನಾಡಿಸಿದಾಗ ತಿಳಿದದ್ದು ಇಷ್ಟೇ.

ಬೆವರಿನ ಬೆಲೆ
ಕೂಲಿಯ ಲೆಕ್ಕವನ್ನೇ ಹಿಡಿದು ಕೂತರೆ ಯಾವ ಹುಡುಗನೂ ಮುಂದೆ ಬರುವುದಿಲ್ಲ. ಅಬ್ದುಲ್ ಕಲಾಂ ರಾಮೇಶ್ವರದಲ್ಲಿ ಬಾಲಕರಾಗಿದ್ದಾಗ ಪತ್ರಿಕೆ ಹಂಚಿದರು, ರಾಷ್ಟ್ರಪತಿಯಾದರು. ಸೈಕಲ್ಲಿನವರು ಡೈರೆಕ್ಟರಿ ಹಂಚಿ ಓದಿದರು. ಇಂದಿನ ಡೆಲಿವರಿ ಹುಡುಗರಿಗೂ ಅದು ಮೊದಲ ಮೆಟ್ಟಿಲು. ಅದಕ್ಕೂ ಕಾನೂನಿನ ಬೇಲಿ ಹಾಕಬೇಡಿ.

ಲೈನ್‌ಮನ್ ಮಗಳು
"ಮೊದಲ ಮೆಟ್ಟಿಲು" ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲೇ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, ಅಂದರೆ ಕಾಯಂ ನೌಕರಿಯಿಲ್ಲದೆ ಬಿಡಿ ಕೆಲಸಕ್ಕೆ ಬಿಡಿ ಕೂಲಿ ಪಡೆಯುವವರು. ಅಷ್ಟು ಜನಕ್ಕೂ ಎರಡನೆಯ ಮೆಟ್ಟಿಲು ಎಲ್ಲಿದೆ, ತೋರಿಸಿ. ನಮ್ಮ ಬೀದಿಯಲ್ಲಿ ಡೆಲಿವರಿ ಮಾಡುವವರಲ್ಲಿ ನಲವತ್ತು ದಾಟಿದವರು, ಮಕ್ಕಳನ್ನು ಓದಿಸುತ್ತಿರುವವರು ಇದ್ದಾರೆ. ಅವರಿಗೆ ಅದೇ ಸಂಸಾರದ ಅನ್ನ. ನೀವು ಬೇಲಿ ಎನ್ನುವ 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಕೇಳುವುದೇನು? ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿಯಿಂದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಇಷ್ಟನ್ನೂ ಕೊಡಬಾರದೇ?

ಬೆವರಿನ ಬೆಲೆ
ಆ ಶುಲ್ಕ ಕೊನೆಗೆ ಬೀಳುವುದು ಊಟ ತರಿಸಿಕೊಳ್ಳುವ ನಮ್ಮ ಮೇಲೆ.

ಲೈನ್‌ಮನ್ ಮಗಳು
ಬೀಳಲಿ. ನಾನು ಕೊಡುತ್ತೇನೆ. ಆ ಕಾಯ್ದೆಯಲ್ಲಿ ಕೊರತೆ ಇರುವುದು ಬೇರೆ ಕಡೆ. ಆ್ಯಪ್ ಮೂಲಕ ದುಡಿಯುವವರಿಗೆ ಮಾತ್ರ ಅದು ಅನ್ವಯ. ಮುಂಜಾನೆ ನಾಲ್ಕಕ್ಕೆ ಪತ್ರಿಕೆ ಜೋಡಿಸುವ ಹುಡುಗನಾಗಲಿ, ಕರಪತ್ರ ಹಂಚುವವನಾಗಲಿ ಅದರಲ್ಲಿ ಬರುವುದಿಲ್ಲ. ಡೈರೆಕ್ಟರಿ ಇಂದಿಗೂ ಬರುತ್ತಿದ್ದರೆ ಅದನ್ನು ಗುತ್ತಿಗೆದಾರನಿಗಾಗಿ ಹೊರುವ ಹುಡುಗನೂ ಹೊರಗೇ ಇರುತ್ತಿದ್ದ.

ಅಂಕಿಸಂಖ್ಯೆ
"ಇಂದಿಗೂ ಬರುತ್ತಿದ್ದರೆ" ಎಂಬ ಪ್ರಶ್ನೆಯೇ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಸರು, ವಿಳಾಸ, ಸಂಖ್ಯೆ ಮೂರನ್ನೂ ಅಚ್ಚು ಹಾಕಿ ಊರಿಗೆಲ್ಲ ಹಂಚಲು ಇಂದು ಯಾರು ಒಪ್ಪುತ್ತಾರೆ?

ಕೋರ್ಟ್ ಹಾಲ್ 4
ತೀರ್ಪುಗಳ ಬಗ್ಗೆ ನನಗೆ ಪಾಠ ಹೇಳುವ ಮೊದಲು "ಮುಚ್ಚಿಟ್ಟು" ಎಂಬುದನ್ನು ಅಳಿಸಿ.

ಅಂಕಿಸಂಖ್ಯೆ
ಅಳಿಸುವುದಿಲ್ಲ. ತೀರ್ಪಿನ ಆ ಭಾಗವನ್ನು ನೀವು ಬರೆಯಲಿಲ್ಲ. ಬರೆದವನು ನಾನು.

ಗಾಂಧಿಬಜಾರ್ ಸೈಕಲ್
ಎರಡು ದಿನದಿಂದ ಓದುತ್ತಿದ್ದೇನೆ. ನನ್ನ ಕೂಲಿಯ ಮಾತು ಎಲ್ಲಿಗೋ ಹೋಯಿತು. ಲೈನ್‌ಮನ್ ಮಗಳು ಕೇಳಿದ್ದಕ್ಕೆ ಉತ್ತರ ಕೊಡುತ್ತೇನಮ್ಮ. ಬೀಗ ಹಾಕಿದ ಮನೆಗೆ ಏನೂ ಇಲ್ಲ. ಮೂರು ಸಲ ಹೋಗಬೇಕಿತ್ತು, ಮೂರನೆಯ ಸಲವೂ ಬೀಗವಿದ್ದರೆ ಪುಸ್ತಕವನ್ನು ಗೋದಾಮಿಗೆ ಹಿಂದಿರುಗಿಸಬೇಕಿತ್ತು. ಹಿಂದಿರುಗಿಸಿದ ಪುಸ್ತಕದ ಮೂಲೆ ಮಡಿಸಿದ್ದರೆ ಕೂಲಿಯಲ್ಲಿ ಕಡಿತ. ಅದಕ್ಕಾಗಿ ಅವುಗಳನ್ನು ನನ್ನ ಅಂಗಿಯಲ್ಲಿ ಸುತ್ತಿ ಬನಿಯನ್ನಿನಲ್ಲಿ ಸೈಕಲ್ ತುಳಿದ ದಿನವೂ ಉಂಟು. ಇದನ್ನು ಮೊದಲೇ ಬರೆಯಬೇಕಿತ್ತು. ಆದರೂ ಆ ಬೇಸಿಗೆಯಲ್ಲಿ ನನ್ನನ್ನು ಕರೆದು ಕೆಲಸ ಕೊಟ್ಟದ್ದು ಅದೊಂದೇ. ಗೌರವ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಲೈನ್‌ಮನ್ ಮಗಳು
ಎಷ್ಟು ಕಡಿತ?