ಬಾವಿ ನೀರಿನ ರಿಪೋರ್ಟ್

ಹೊನ್ನಾವರ ಚಿಕ್ಕಪ್ಪ: (ಫಾರ್ವರ್ಡ್) ಇ. ಕೋಲಿ ಎಲ್ಲರ ಕರುಳಿನಲ್ಲೂ ಇದೆ, ಭಯ ಬೇಡ

ಹೊನ್ನಾವರ ಚಿಕ್ಕಪ್ಪ: ಎಲ್ಲರೂ ಓದಿ. ನಮ್ಮ ಬಾವಿ ನೀರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದೆ ಅಂತ ರಿಪೋರ್ಟ್ ಬಂದಾಗಿನಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಐವತ್ತು ವರ್ಷದಿಂದ ಇದೇ ಬಾವಿ ನೀರು ಕುಡಿದಿದ್ದೇವೆ.

ಶಿರಸಿ ಅತ್ತೆ: ಅಲ್ವಾ! ಅಪ್ಪಯ್ಯ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದರು.

ಕಾರವಾರ ಪುಟ್ಟಿ: ಚಿಕ್ಕಪ್ಪ, ಆ ಫಾರ್ವರ್ಡಿನಲ್ಲಿ ಇ. ಕೋಲಿ ಎಲ್ಲರಲ್ಲೂ ಇದೆ ಅಂತ ಬರೆದದ್ದು ಸುಳ್ಳಲ್ಲ. ಅದು ನಮ್ಮ ಕರುಳಿನಲ್ಲಿ ಇರುತ್ತದೆ, ವಿಟಮಿನ್ ಕೆ ಕೂಡ ಮಾಡುತ್ತದೆ. ಆದರೆ ಬಾವಿಗೆ ಹೇಗೆ ಬಂತು? ಮಲದ ಜೊತೆಗೇ ಬರಬೇಕು. ಅದಕ್ಕೇ ಕುಡಿಯುವ ನೀರಿನಲ್ಲಿ, 100 ಮಿಲಿಲೀಟರಿಗೆ ಒಂದೂ ಇರಬಾರದು ಎಂಬ ನಿಯಮ. ಅದು ಬಂದ ದಾರಿಯಲ್ಲೇ ಟೈಫಾಯ್ಡ್, ಕಾಮಾಲೆಯೂ ಬರಬಹುದು.

ಹೊನ್ನಾವರ ಚಿಕ್ಕಪ್ಪ: ಬರಬಹುದು, ಬಂದಿಲ್ಲವಲ್ಲ. ಸುಮ್ನೆ ಹೆದರಿಸಬೇಡ. ಹೊಟ್ಟೆಯಲ್ಲಿ ಇರುವುದೇ ನೀರಲ್ಲೂ ಇದೆ.

ಕಾರವಾರ ಪುಟ್ಟಿ: ಅದೇ ಅಂತ ಹೇಗೆ ಹೇಳುತ್ತೀರಿ? ಕುಮಟಾದ ಕಗ್ಗ ಭತ್ತ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೂ ಬೆಳೆಯುತ್ತದೆ. ಬೇರೆ ಭತ್ತ ಅಲ್ಲಿ ಸುಟ್ಟುಹೋಗುತ್ತದೆ. ಎರಡೂ ಭತ್ತವೇ, ತಳಿ ಬೇರೆ. ಇ. ಕೋಲಿಯಲ್ಲೂ ಹಾಗೇ. ಹೆಚ್ಚಿನವು ಸಾಧು. ಕೆಲವು ತಳಿಗಳು ಶಿಗಾ ಎಂಬ ವಿಷ ಬಿಡುತ್ತವೆ. ಮೊದಲು ರಕ್ತಭೇದಿ, ಆಮೇಲೆ ಕೆಲವರಿಗೆ ಕಿಡ್ನಿಯೇ ನಿಂತುಹೋಗುತ್ತದೆ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಜಾಸ್ತಿ. 2011ರಲ್ಲಿ ಜರ್ಮನಿಯಲ್ಲಿ ಇಂಥದೇ ಒಂದು ತಳಿಯಿಂದ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಅನುಮಾನ. ಕೊನೆಗೆ ನೋಡಿದರೆ ಮೆಂತ್ಯದ ಮೊಳಕೆ.

ಶಿರಸಿ ಅತ್ತೆ: ಅಯ್ಯೋ, ನಾನು ದಿನಾ ಮೊಳಕೆ ಹೆಸರುಕಾಳು ಹಸಿಯಾಗಿ ತಿನ್ನುತ್ತೇನೆ!

ಕಾರವಾರ ಪುಟ್ಟಿ: ಬೇಯಿಸಿ ತಿನ್ನಿ ಅತ್ತೆ.

ಅಂಕೋಲಾ ದೊಡ್ಡಮ್ಮ: ಹೋದ ಮಳೆಗಾಲ ನನಗೆ ಉರಿಮೂತ್ರ, ಚಳಿಜ್ವರ ಬಂತಲ್ಲ. ಟೆಸ್ಟಿನಲ್ಲಿ ಇದೇ ಹೆಸರು ಬರೆದಿದ್ದರು. ಎರಡು ಥರ ಮಾತ್ರೆ ನಾಟಲೇ ಇಲ್ಲ. ಆರು ದಿನ ಆಸ್ಪತ್ರೆಯಲ್ಲಿದ್ದೆ. ಅದೂ ಈ ನೀರಿನಿಂದಲೇ ಬಂದದ್ದಾ?

ಕಾರವಾರ ಪುಟ್ಟಿ: ಅಲ್ಲ ದೊಡ್ಡಮ್ಮ, ಅದು ಹೆಚ್ಚಾಗಿ ನಿಮ್ಮ ಹೊಟ್ಟೆಯದ್ದೇ. ಕರುಳಿನಲ್ಲಿ ಸುಮ್ಮನಿದ್ದದ್ದು ಮೂತ್ರಕೋಶಕ್ಕೆ ಹೋದರೆ ಹಾಗಾಗುತ್ತದೆ. ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. ಆ ಆರು ದಿನ ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ಇ. ಕೋಲಿಗೆ ಭಯ ಬೇಡ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಶಿರಸಿ ಅತ್ತೆ: ನನ್ನ ಹತ್ತಿರ ಉಳಿದ ಆಂಟಿಬಯಾಟಿಕ್ ಇದೆ. ಮನೆಯವರಿಗೆಲ್ಲ ಒಂದೊಂದು ಕೊಟ್ಟರೆ?

ಕಾರವಾರ ಪುಟ್ಟಿ: ಬೇಡವೇ ಬೇಡ! ಹೀಗೆ ನುಂಗಿ ನುಂಗಿಯೇ ಮಾತ್ರೆ ನಾಟದ ಹಾಗಾಗುವುದು. ಶಿಗಾ ತಳಿ ಆಗಿದ್ದರೆ ಕೆಲವು ಮಾತ್ರೆಗಳಿಂದ ಕಿಡ್ನಿಗೆ ಇನ್ನೂ ಅಪಾಯ. ಭೇದಿಯಲ್ಲಿ ರಕ್ತ ಕಂಡರೆ ಸೀದಾ ಡಾಕ್ಟರ ಹತ್ತಿರ ಹೋಗಿ. ಈಗ ನೀರು ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಬಿಡಿ. ಚಿಕ್ಕಪ್ಪ, ಪಾಯಿಖಾನೆಯ ಗುಂಡಿ ಬಾವಿಯಿಂದ ಎಷ್ಟು ದೂರ?

ಹೊನ್ನಾವರ ಚಿಕ್ಕಪ್ಪ: ಈಗ ಅಳೆದು ಬಂದೆ. ಹನ್ನೊಂದು ಹೆಜ್ಜೆ.

ಕಾರವಾರ ಪುಟ್ಟಿ: ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಒಳಗೊಳಗೇ ಹರಿಯುತ್ತದೆ. ಆ ಗುಂಡಿ ತೆಗೆಸಿದ್ದು ಯಾವಾಗ?

ಹೊನ್ನಾವರ ಚಿಕ್ಕಪ್ಪ: ಹೊಸ ಬಚ್ಚಲುಮನೆ ಕಟ್ಟಿಸಿದಾಗ. ಎರಡು ವರ್ಷ ಆಯಿತು.

ಹೊನ್ನಾವರ ಚಿಕ್ಕಪ್ಪ: ಅಪ್ಪಯ್ಯ ಇದ್ದಾಗ ಅದು ಇರಲಿಲ್ಲ.

ಹೊನ್ನಾವರ ಚಿಕ್ಕಪ್ಪ: ನೀರು ಒಲೆ ಮೇಲೆ ಇಟ್ಟಿದ್ದೇವೆ.